ಜರ್ಮನಿಗೆ ಬರ್ತೀವಿ ಅಂದದ್ದು

ನನಗೆ ಇಲ್ಲ ಅನ್ನಲು ಬರುವುದಿಲ್ಲ. ಹೀಗೆ ಹೇಳಿಕೊಂಡರೆ ಕೆಲವರು ನನ್ನನ್ನು ದಾನಶೂರನೆಂದು ತಿಳಿದು ಮನೆಗೆ ಬಂದುಬಿಡುವ ಅಪಾಯವಿದೆ. ಹಾಗೇನಿಲ್ಲ. ಕೊಡುವ ವಿಷಯದಲ್ಲಿ ನಾನು ಬೇಕಾದಷ್ಟು ಹುಷಾರಿ. ನನ್ನ ತೊಂದರೆ ಇರುವುದು ಯಾರಾದರೂ ಕರೆದರೆ ಬರುವುದಿಲ್ಲ ಅನ್ನುವುದರಲ್ಲಿ. ನನ್ನ ಪರವಾಗಿ ಒಂದು ಮಾತು ಹೇಳಿಕೊಳ್ಳಬೇಕೆಂದರೆ, ಇದು ನನ್ನೊಬ್ಬನ ರೋಗವಲ್ಲ. ನಮ್ಮ ಬಳ್ಳಾರಿಯ ಕಡೆ ಇದು ಊರಿಗೇ ಬಂದದ್ದು. ಬ್ರೂಸ್‌ಪೇಟೆಯಲ್ಲಿ ಕೊತ್ತಂಬರಿ ಆರಿಸುತ್ತ ನಿಂತಾಗ ಹಳೆಯ ಪರಿಚಯದವರು ಎದುರಾಗುತ್ತಾರೆ. "ಎಲ್ಲಿ, ಮನಿ ಕಡೀನ ಬರಂಗಿಲ್ಲಲ್ರಿ, ಒಮ್ಮಿ ಊಟಕ್ಕ ಬರ್ರಿ" ಅನ್ನುತ್ತಾರೆ. "ಬರ್ತೀವ್ರಿ, ಬರದ ಎಲ್ಲಿಗೆ ಹೋಗ್ತೀವಿ" ಅನ್ನುತ್ತೇವೆ. ಯಾವಾಗ ಎಂದು ಅವರು ಕೇಳುವುದಿಲ್ಲ, ನಾವು ಹೇಳುವುದಿಲ್ಲ. ಇಬ್ಬರಿಗೂ ಸಂತೋಷವಾಗಿರುತ್ತದೆ. ಅವರ ಮನೆಯ ಅಕ್ಕಿ ಉಳಿಯುತ್ತದೆ, ನಮ್ಮ ಸಮಯ ಉಳಿಯುತ್ತದೆ, ಸ್ನೇಹವೂ ಉಳಿಯುತ್ತದೆ. ಹೀಗೆ ನಾನು ಬರ್ತೀನಿ ಎಂದ ಮನೆಗಳಿಗೆಲ್ಲ ನಿಜವಾಗಿ ಹೋಗಿ ಉಂಡಿದ್ದರೆ ನನ್ನ ಹೆಂಡತಿ ಮದುವೆಯಾದಂದಿನಿಂದ ಒಲೆ ಹಚ್ಚಬೇಕಾಗಿರಲಿಲ್ಲ. ಈ ವ್ಯವಸ್ಥೆ ಬಳ್ಳಾರಿಯ ಮಟ್ಟಿಗೆ ಚೆನ್ನಾಗಿಯೇ ನಡೆದಿತ್ತು. ಅದು ಸಮುದ್ರ ದಾಟುವುದಿಲ್ಲ ಎಂಬ ಸಂಗತಿ ನನಗೆ ಗೊತ್ತಾದದ್ದು ಡೀಟರ್ ಸಾಹೇಬರಿಂದ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಆಗ ಒಂದು ನೂಲಿನ ಗಿರಣಿಯಲ್ಲಿ ಗುಮಾಸ್ತನಾಗಿದ್ದೆ. ಗಿರಣಿಗೆ ಜರ್ಮನಿಯಿಂದ ಹೊಸ ಯಂತ್ರ ಬಂತು, ಯಂತ್ರದ ಬೆನ್ನ ಹಿಂದೆಯೇ ಅದನ್ನು ಕೂಡಿಸಲು ಒಬ್ಬ ಇಂಜಿನಿಯರೂ ಬಂದ, ಅವನೇ ಈ ಡೀಟರ್. ಆರಡಿ ಮೇಲೆ ನಾಲ್ಕಂಗುಲ, ಐವತ್ತರ ಹತ್ತಿರದ ವಯಸ್ಸು, ಬಳ್ಳಾರಿಯ ಬಿಸಿಲಿಗೆ ಎರಡೇ ದಿನದಲ್ಲಿ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿದ ಮುಖ. ಅವನಿಗೆ ಬರುತ್ತಿದ್ದದ್ದು ಮುರುಕು ಇಂಗ್ಲಿಷು. ನನಗೂ ಅಷ್ಟೇ ಬರುತ್ತಿತ್ತು. ಎರಡೂ ಮುರುಕು ಸೇರಿದರೆ ಒಂದು ಇಡೀ ಭಾಷೆಯಾದೀತೆಂದು ಮಾಲೀಕರು ನನ್ನನ್ನು ಮೂರು ವಾರ ಅವನ ದುಭಾಷಿಯನ್ನಾಗಿ ಮಾಡಿದರು. ಅಂಗಿಯ ಜೇಬಿನಲ್ಲಿ ಅವನದೊಂದು ಪುಟ್ಟ ಡೈರಿ ಸದಾ ಇರುತ್ತಿತ್ತು. ಯಾರು ಏನು ಹೇಳಿದರೂ ಅದನ್ನು ತೆಗೆದು ಬರೆದುಕೊಳ್ಳುತ್ತಿದ್ದ. ಮಾತನ್ನು ಬರೆದುಕೊಳ್ಳುವ ಮನುಷ್ಯನನ್ನು ಕಂಡರೆ ಹೆದರಬೇಕು ಎಂಬ ತಿಳಿವಳಿಕೆ ನನಗೆ ಆಗ ಇರಲಿಲ್ಲ.

ಇರಬೇಕಾಗಿತ್ತು, ಯಾಕೆಂದರೆ ಮೊದಲ ವಾರವೇ ಎಚ್ಚರಿಕೆ ಸಿಕ್ಕಿತ್ತು. ನಮ್ಮ ಗಿರಣಿಯ ಫಿಟ್ಟರ್ ಖಾಜಾ ಸಾಬ್ ಕೌಲ್ ಬಜಾರಿನವರು, ಬಲು ಮರ್ಯಾದಸ್ಥ. ಒಂದು ಮಧ್ಯಾಹ್ನ ಚಹಾ ಕುಡಿಯುತ್ತ, "ಸಾಹೇಬ್ರು ಒಮ್ಮಿ ನಮ್ಮ ಮನಿಗೆ ಬರಬೇಕ್ರಿ, ಬಿರಿಯಾನಿ ಮಾಡ್ತೀವಿ" ಅಂದರು. ನಾನು ಇಂಗ್ಲಿಷಿಗೆ ತಿರುಗಿಸಿದೆ. ಡೀಟರ್ ಡೈರಿ ತೆಗೆದು, "ಯಾವಾಗ?" ಅಂದ. ಹುಟ್ಟಿದಾಗಿನಿಂದ ಖಾಜಾ ಸಾಬರಿಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. "ಯಾವಾಗ ಬೇಕಾದ್ರೂ ಬರ್ರಿ, ನಿಮ್ಮದ ಮನಿ" ಅಂದುಬಿಟ್ಟರು. ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಡೀಟರ್ ಕೈಯಲ್ಲಿ ಹೂವು ಹಿಡಿದುಕೊಂಡು ಕೌಲ್ ಬಜಾರಿನ ಗಲ್ಲಿಯಲ್ಲಿ ನಿಂತಿದ್ದ. ಖಾಜಾ ಸಾಬರ ಬೇಗಂ ಆದೋನಿಯ ತವರಿಗೆ ಹೋಗಿದ್ದರು. ಸಾಬರು ಲುಂಗಿಯಲ್ಲಿ, ಅರ್ಧ ಗಡ್ಡ ಕೆರೆದುಕೊಂಡು, ಉಳಿದರ್ಧ ಸೋಪಿನ ನೊರೆಯಲ್ಲಿ ಬಾಗಿಲು ತೆಗೆದರು. ಅತಿಥಿಯನ್ನು ಕೂಡಿಸಿ ಹಿತ್ತಲ ಬಾಗಿಲಿಂದ ಓಡಿ ಹೋಟೆಲಿನಿಂದ ಬಿರಿಯಾನಿ ತಂದು ಮನೆಯ ತಟ್ಟೆಗೆ ಹಾಕಿ ಮಾನ ಉಳಿಸಿಕೊಂಡರು. ಮರುದಿನ ನನ್ನನ್ನು ಯಂತ್ರದ ಸಂದಿಗೆ ಕರೆದುಕೊಂಡು ಹೋಗಿ ಕೇಳಿದರು.

"ನೀವು ಅವರಿಗೆ ಏನಂತ ಹೇಳಿದ್ರಿ?"

"ನೀವು ಹೇಳಿದ್ದನ್ನ ಹೇಳಿದೆ."

"ಅದನ್ನ ಯಾಕ ಹೇಳಾಕ ಹೋದ್ರಿ?"

ನಾನು ಇದನ್ನು ಹದಿನೈದು ದಿನ ಎಲ್ಲರಿಗೂ ಹೇಳಿ ನಕ್ಕೆ. ನಗುವ ಸರದಿ ಬೇರೆಯವರದೂ ಬಂದೀತೆಂದು ಒಮ್ಮೆಯೂ ಹೊಳೆಯಲಿಲ್ಲ.

ಗಾಂಧಿನಗರದ ನಮ್ಮ ಮನೆಗೂ ಅವನು ಊಟಕ್ಕೆ ಬರತೊಡಗಿದ. ಅವ್ವನ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಅವನಿಗೆ ಹಿಡಿಸಿದವು. ನೆಲದ ಮೇಲೆ ಕೂತರೆ ಅವನ ಕಾಲು ಅಡುಗೆಮನೆಯಿಂದ ಪಡಸಾಲೆಯವರೆಗೆ ಚಾಚುತ್ತಿತ್ತು. "ಪಾಪ, ಮಣಕಾಲು ಮಡಚಾಕ ಬರಂಗಿಲ್ಲ ಅವಗ, ದಾಟಿ ಅಡ್ಡಾಡ್ರಿ" ಎಂದು ಅವ್ವ ನಮಗೇ ಗದರುತ್ತಿದ್ದಳು. ಅವ್ವನಿಗೆ ಕನ್ನಡ ಬಿಟ್ಟರೆ ಸ್ವಲ್ಪ ತೆಲುಗು ಗೊತ್ತು, ಅವನಿಗೆ ಎರಡೂ ಗೊತ್ತಿಲ್ಲ. ಆದರೂ ಅವರಿಬ್ಬರು ಕೂತು ಗಂಟೆಗಟ್ಟಲೆ ಮಾತಾಡಿ ನಗುತ್ತಿದ್ದರು, ದುಭಾಷಿಯಾದ ನಾನು ಪಕ್ಕದಲ್ಲಿ ನೀರು ಬಡಿಸುತ್ತಿದ್ದೆ. ಮೂರು ವಾರ ಮುಗಿದು ಅವನು ಹೊರಟ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಸ್ಟೇಷನ್ನಿಗೆ ಹೋದೆವು. ಗುಂತಕಲ್ಲಿನ ಗಾಡಿ ಬಂದು ನಿಂತಿತ್ತು. ಡೀಟರ್ ಬಾಗಿಲಲ್ಲಿ ನಿಂತು, "ನೀವೆಲ್ಲ ಒಮ್ಮೆ ನನ್ನ ಮನೆಗೆ ಬರಬೇಕು" ಅಂದ. "ಖಂಡಿತ ಬರ್ತೀವಿ" ಅಂದೆ. "ಎಷ್ಟು ಜನ?" ಅಂದ. "ಐದು" ಅಂದೆ. "ಯಾವಾಗ?" ಅಂದ. ಗಾಡಿ ಹೊರಡುವ ಗಂಟೆ ಹೊಡೆಯುತ್ತಿತ್ತು, ಏನೋ ಒಂದು ಹೇಳಬೇಕಾಗಿತ್ತು. ದಸರೆಗೆ ಮಕ್ಕಳಿಗೆ ರಜೆ ಇರುತ್ತದಲ್ಲ ಎಂದು, "ಅಕ್ಟೋಬರ್, ಎಂಟು ದಿನ" ಅಂದೆ. ಅವನು ಡೈರಿ ತೆಗೆದು ಬರೆದುಕೊಂಡ.

ಜುಲೈ ತಿಂಗಳಲ್ಲಿ ಕಾಗದ ಬಂತು. ಟೈಪು ಮಾಡಿದ್ದು, ಒಂದರಿಂದ ಒಂಬತ್ತರವರೆಗೆ ನಂಬರು ಹಾಕಿದ್ದು. ನಾನು ಮನೆಯವರನ್ನೆಲ್ಲ ಕೂಡಿಸಿಕೊಂಡು, ತಮಾಷೆ ನೋಡಿ ಎಂದು ಕನ್ನಡಕ್ಕೆ ತಿರುಗಿಸುತ್ತ ಓದಿದೆ. ಮೇಲಿನ ಎರಡು ಕೋಣೆಗಳಿಗೆ ಡೀಟರ್ ತಾನೇ ತಿಳಿಹಳದಿ ಬಣ್ಣ ಹಚ್ಚಿದ್ದಾನೆ. ಪಕ್ಕದ ಮನೆಯಿಂದ ಎರಡು ಮಂಚ ಎರವಲು ತಂದಿದ್ದಾನೆ. ಅಕ್ಟೋಬರ್ ಒಂಬತ್ತರಿಂದ ಹದಿನೇಳರವರೆಗೆ ಅವನಿಗೆ ರಜೆ ಮಂಜೂರಾಗಿದೆ. ನಮ್ಮದು ಮಾಂಸ ಮುಟ್ಟದ ಮನೆಯೆಂದು ಅವನಿಗೆ ನೆನಪಿದೆ, ಆದ್ದರಿಂದ ಅಮ್ಮನವರಿಗಾಗಿ, ಅಂದರೆ ಅವ್ವನಿಗಾಗಿ, ಅವನ ಹೆಂಡತಿ ಹೆಲ್ಗಾ ಒಂದು ಹೊಸ ಪಾತ್ರೆ ಕೊಂಡಿದ್ದಾಳೆ, ಚಮಚವೂ ಹೊಸದೇ ಆಗಬೇಕೇ ಎಂದು ಕೇಳಿದ್ದಾಳೆ. ನಾನು ಸಂಬಳದ ಮೇಲೆ ಬದುಕುವವನೆಂದು ಅವನಿಗೆ ಗೊತ್ತು, ಹಾಗಾಗಿ ಅಲ್ಲಿ ನಮಗೆ ಖರ್ಚೇ ಬರದಂತೆ ಲೆಕ್ಕ ಹಾಕಿದ್ದಾನೆ. ಊಟ ಮನೆಯಲ್ಲಿ, ನದಿಯ ದಂಡೆಯ ಮೇಲೆ ನಡೆಯಲು ಕಾಸಿಲ್ಲ, ಕಾಡಿಗೆ ಸೈಕಲ್ಲಿನಲ್ಲಿ ಹೋಗಬಹುದು. ಎಂಟನೆಯ ನಂಬರು: ಅಮ್ಮನವರು ಸೈಕಲ್ ತುಳಿಯುತ್ತಾರೆಯೇ? ಒಂಬತ್ತನೆಯದು: ಯಾವ ವಿಮಾನ ಎಂದು ತಿಳಿಸಿ, ನಿಲ್ದಾಣಕ್ಕೆ ಬಂದು ನಿಂತಿರುತ್ತೇನೆ.

ಸೈಕಲ್ಲಿನ ಹತ್ತಿರ ಬರುವಷ್ಟರಲ್ಲಿ ನನಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ ಕಣ್ಣೊರೆಸಿಕೊಂಡು ತಲೆಯೆತ್ತಿದರೆ ನಗುತ್ತಿದ್ದವನು ನಾನೊಬ್ಬನೇ. ಹೆಂಡತಿ ಗಿರಿಜಾ ಬಾಯಿಗೆ ಸೆರಗು ಹಿಡಿದುಕೊಂಡಿದ್ದಳು. ಎಂಟನೆಯ ಇಯತ್ತೆಯ ಮಗಳು ಉಮಾ ಆಗಲೇ ಅಟ್ಲಾಸು ಹುಡುಕಲು ಎದ್ದಿದ್ದಳು, ಅವಳ ತಮ್ಮ ಅವಳ ಹಿಂದೆ. ಅವ್ವ ಮಾತ್ರ ನನ್ನನ್ನೇ ನೋಡುತ್ತಿದ್ದಳು.

"ಬರ್ತೀವಿ ಅಂದಿದ್ದೇನು ನೀನು?"

"ಅಂದಿದ್ದೆ. ಎಲ್ಲಾರೂ ಅಂತಾರಲ್ಲವ್ವ."

"ನನ್ನ ಸಲುವಾಗಿ ಹೊಸಾ ಪಾತ್ರಿ ತಂದಾಳಂತ ಆ ಹುಡುಗಿ. ಗ್ವಾಡಿಗೆ ಬಣ್ಣ ಹಚ್ಚ್ಯಾರಂತ. ಅವರು ಎಲ್ಲಾ ಹಸನ ಮಾಡಿಕೊಂಡು ಕುಂತ ಮ್ಯಾಲ ಹೋಗದಿದ್ರ ಹೆಂಗ? ಹೋಗಬೇಕು."

ನನಗೆ ದಿಗಿಲು ಬಡಿಯಿತು. ಅವ್ವ ಕುರುಗೋಡಿನವಳು. ಕುರುಗೋಡಿನಿಂದ ಬಳ್ಳಾರಿಗೆ ಬರುವುದನ್ನೇ ಊರು ಬಿಟ್ಟು ಹೋಗುವುದೆಂದು ತಿಳಿದು, ಬರುವಾಗಲೆಲ್ಲ ದೊಡ್ಡ ಬಸವಣ್ಣನಿಗೆ ಕಾಯಿ ಒಡೆಸಿ ಬಸ್ಸು ಹತ್ತುವವಳು. ಅವಳು ಒಂದು ಪಾತ್ರೆಗಾಗಿ ಜರ್ಮನಿಗೆ ಹೊರಟು ನಿಂತಿದ್ದಳು. ಆಮೇಲೆ ಯೋಚಿಸಿದರೆ ಅವಳ ಮಾತಿನಲ್ಲೂ ನ್ಯಾಯವಿತ್ತು. ಬರ್ತೀವಿ ಎನ್ನುವುದು ನಮ್ಮಲ್ಲಿ ಮಾತಿನ ಮಟ್ಟಿಗೆ ಇರುವತನಕ ಹಗುರ. ಕರೆದವರು ಒಲೆಯ ಮೇಲೆ ಎಸರಿಟ್ಟರು ಎಂದು ತಿಳಿದಮೇಲೆ ಹೋಗದವನನ್ನು ನಮ್ಮ ಕಡೆ ಯಾರೂ ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಡೀಟರ್ ಎಸರಿಟ್ಟಿದ್ದ. ಅದೂ ಹೊಸ ಪಾತ್ರೆಯಲ್ಲಿ. ನಾನು ಮಾಡಬೇಕಾಗಿದ್ದ ಕೆಲಸ ಸುಲಭವಾದದ್ದು: ಬರುವುದಿಲ್ಲ ಎಂದು ಒಂದು ಸಾಲು ಬರೆದು ಅಂಚೆಗೆ ಹಾಕುವುದು. ಅದೊಂದೇ ನನ್ನ ಕೈಯಲ್ಲಿ ಆಗಲಿಲ್ಲ. ಹೆಡ್ ಪೋಸ್ಟಾಫೀಸಿಗೆ ನಾಲ್ಕು ಸಲ ಹೋಗಿ ನಾಲ್ಕು ಏರ್‌ಮೇಲ್ ಕಾಗದ ಕೊಂಡು ತಂದೆ. ನಾಲ್ಕರಲ್ಲೂ "ಪ್ರಿಯ ಡೀಟರ್, ನಿಮ್ಮ ಪತ್ರ ತಲುಪಿ ಬಹಳ ಸಂತೋಷವಾಯಿತು" ಎಂಬಲ್ಲಿಗೆ ನಿಂತೆ.

ನಾನು ಬರೆಯದೆ ಕೂತಷ್ಟೂ ಮನೆಯಲ್ಲಿ ಯೋಜನೆ ಮುಂದೆ ನಡೆಯಿತು. ಬ್ರೂಸ್‌ಪೇಟೆಯಲ್ಲಿ ಬಸ್ಸು, ಲಾರಿ, ರೈಲು ಎಲ್ಲಕ್ಕೂ ಏಜೆಂಟನಾದ ಒಬ್ಬನಿದ್ದ. ಅವನ ಬಳಿ ಹೋಗಿ, ಸುಮ್ಮನೆ ತಿಳಿದುಕೊಳ್ಳಲಿಕ್ಕೆ ಎಂಬಂತೆ, ಜರ್ಮನಿಗೆ ಐದು ಟಿಕೆಟ್ಟು ಏನಾದೀತು ಎಂದು ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಬೊಂಬಾಯಿಗೆ ಟ್ರಂಕ್ ಕಾಲ್ ಹಚ್ಚಿದ. ಫೋನು ಕೆಳಗಿಟ್ಟು ಒಂದು ಸಂಖ್ಯೆ ಹೇಳಿದ. ನಾನು ಅವನ ಬೆಂಚಿನ ಮೇಲೆ ಕೂತೆ. ಒಬ್ಬರು ಹೋಗಿಬರಲು ನನ್ನ ಒಂದು ವರ್ಷದ ಸಂಬಳ. ಎಂಟು ದಿನ ಉಂಡು ಬರಲು ಐದು ವರ್ಷ ಉಪವಾಸ ಬೀಳಬೇಕು. "ನೀರು ಕುಡೀತೀರೇನ್ರಿ?" ಎಂದು ಏಜೆಂಟ್ ಕೇಳಿದ. ಕುಡಿದೆ. ಮನೆಗೆ ಬಂದು ಈ ಸಂಖ್ಯೆ ಹೇಳಿದರೆ ಎಲ್ಲ ತಣ್ಣಗಾದೀತೆಂದು ನಂಬಿದ್ದೆ. ಗಿರಿಜಾ ಗಾಬರಿಯಾಗುವ ಬದಲು ಪೆನ್ಸಿಲು ತಂದಳು. ಮಕ್ಕಳಿಬ್ಬರಿಗೆ ಅರ್ಧ ಟಿಕೆಟ್ಟು ಎಂದಳು. ಉಮಾ ಮೂರು ವರ್ಷದಿಂದ ಅಜ್ಜನ ಊರು ಸಿರುಗುಪ್ಪದ ಬಸ್ಸಿನಲ್ಲಿ ಹನ್ನೊಂದು ವರ್ಷದವಳಾಗಿಯೇ ಇದ್ದಳು, ವಿಮಾನದಲ್ಲೂ ಇನ್ನೊಂದು ವರ್ಷ ಅಲ್ಲೇ ಇದ್ದರಾಯಿತು. "ಅವರು ಊಟ ಕೊಡ್ತಾರಂತಲ್ರಿ ವಿಮಾನದಾಗ, ನಾವು ಬುತ್ತಿ ಒಯ್ಯೋಣು, ಊಟದ ರೊಕ್ಕ ಕಡಿಮಿ ಮಾಡ್ರಿ ಅಂತ ಕೇಳ್ರಿ." ನಾನು ಕೇಳ್ತೀನಿ ಎಂದೆ. ಕೇಳುವುದಿಲ್ಲ ಅನ್ನಲು ಬರಬೇಕಲ್ಲ.

ಅಕ್ಟೋಬರಿನಲ್ಲಿ ಅಲ್ಲಿ ಚಳಿಯೆಂದು ಅಟ್ಲಾಸು ಹೇಳಿತು. ಬಳ್ಳಾರಿಯಲ್ಲಿ ಸ್ವೆಟರು ಕೇಳುವುದು ಸಾಧಾರಣ ಧೈರ್ಯದ ಕೆಲಸವಲ್ಲ. ನಾನೂ ಗಿರಿಜಾಳೂ ನಾಲ್ಕು ಅಂಗಡಿ ಹತ್ತಿಳಿದೆವು. ಒಬ್ಬ ಅಂಗಡಿಯವನು ಬೀಸಣಿಗೆ ನಿಲ್ಲಿಸಿ, "ಮೈಯಾಗ ಆರಾಮ ಇಲ್ಲೇನ್ರಿ?" ಎಂದು ಕಕ್ಕುಲಾತಿಯಿಂದ ವಿಚಾರಿಸಿದ. ಇದನ್ನು ಕೇಳಿ ಅವ್ವ ಕುರುಗೋಡಿಗೆ ಹೋಗಿ, ಪರಿಚಯದ ಕುರುಬರ ಮನೆಯಿಂದ ಮೂರು ಕರಿ ಕಂಬಳಿ ಹೊತ್ತು ತಂದಳು. ಅದರಲ್ಲಿ ಒಂದನ್ನು ಕತ್ತರಿಸಿ ಗಿರಿಜಾ ಮಗನಿಗೆ ಕೋಟು ಹೊಲಿದಳು. ಅವನು ಅದನ್ನು ಹಾಕಿಕೊಂಡು ಬೀದಿಯಲ್ಲಿ ಅರ್ಧ ಗಂಟೆ ತಿರುಗಿ ಮೈತುಂಬ ಬೆವರುಸಾಲೆ ಎಬ್ಬಿಸಿಕೊಂಡು ಬಂದ. ಪಾಸ್‌ಪೋರ್ಟಿಗೆ ಫೋಟೋ ಬೇಕೆಂದು ಸ್ಟುಡಿಯೋಕ್ಕೂ ಹೋದೆವು. ಸೆರಗು ತಲೆಯಿಂದ ಸರಿಸಬೇಕೆಂದು ಫೋಟೋದವನು ಅವ್ವನಿಗೆ ಹೇಳಿದ. "ನನ್ನ ಗಂಡಗ ತೋರಿಸಿಲ್ಲ, ಜರ್ಮನಿ ಸರಕಾರಕ್ಕ ಯಾಕ ತೋರಿಸಲಿ?" ಎಂದು ಅವಳು ಕುರ್ಚಿಯಿಂದ ಎದ್ದಳು. ಕೊನೆಗೆ ಐದೂ ಜನ ಒಟ್ಟಿಗೆ, ಹಿಂದೆ ಹಂಸವಿದ್ದ ಪರದೆ ಬಿಟ್ಟುಕೊಂಡು ತೆಗೆಸಿದೆವು. ಅದು ಪಾಸ್‌ಪೋರ್ಟಿಗೆ ನಡೆಯುವುದಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮೂರು ಕಾಪಿ ತೆಗೆಸಿದೆ.

ಇನ್ನು ತಡಮಾಡಬಾರದೆಂದು ಸಿರುಗುಪ್ಪಕ್ಕೆ ಹೊರಟೆ. ಅಲ್ಲಿ ನನ್ನ ಮಾವನವರು, ಅಂದರೆ ಗಿರಿಜಾಳ ತಂದೆ, ಅಕ್ಕಿಯ ವ್ಯಾಪಾರಿ. ಸ್ಪಷ್ಟ ಮಾತಿನ ಮನುಷ್ಯ. ಅವರ ಮುಂದೆ ಎಲ್ಲ ಹೇಳಿಕೊಂಡರೆ ಅವರೇ ಬಳ್ಳಾರಿಗೆ ಬಂದು ಮಗಳಿಗೆ ಬುದ್ಧಿ ಹೇಳಿ ಈ ಹುಚ್ಚಾಟ ನಿಲ್ಲಿಸುತ್ತಾರೆ ಎಂಬುದು ನನ್ನ ಎಣಿಕೆ. ಜರ್ಮನಿ ಪ್ರಯಾಣದ ವಿಷಯ ಮಾತಾಡಲು ಬರುತ್ತೇನೆಂದು ಮುಂಚಿತವಾಗಿ ಕಾಗದ ಹಾಕಿದ್ದೇ ತಪ್ಪಾಯಿತು. ಬಸ್ಸಿಳಿದರೆ ಮಾವನವರು ಎಂಟು ಹತ್ತು ಜನರೊಂದಿಗೆ ನಿಂತಿದ್ದರು. ಅಲ್ಲಿಂದ ನೇರ ಅಕ್ಕಿ ವ್ಯಾಪಾರಿಗಳ ಅಂಗಳಕ್ಕೆ. ಶಾಮಿಯಾನ ಹಾಕಿತ್ತು, ಮಡಿಚುವ ಕುರ್ಚಿಗಳು ಸಾಲಾಗಿದ್ದವು, ಮೈಕಿನವನು ಹಲೋ ಹಲೋ ಎನ್ನುತ್ತಿದ್ದ. ನಾನು ಯಾರದೋ ಮದುವೆಯೆಂದು ತಿಳಿದೆ. ನನ್ನನ್ನು ವೇದಿಕೆಗೆ ಹತ್ತಿಸಿದಾಗ ಗೊತ್ತಾಯಿತು, ಅದು ವಿದೇಶ ಪ್ರವಾಸದ ಸನ್ಮಾನ.

"ಮಾವಾರೆ, ಒಂದು ಮಾತೈತ್ರಿ" ಎಂದು ಅವರ ಕಿವಿಯಲ್ಲಿ ಅಂದೆ.

"ಮೈಕಿನಾಗ ಹೇಳ್ರಿ ಅಳಿಯಂದ್ರೆ, ಎಲ್ಲಾರೂ ಕೇಳಲಿ" ಅಂದರು.

ಆ ಬಿಸಿಲಿನಲ್ಲಿ ನನಗೆ ಶಾಲು ಹೊದಿಸಿದರು. ಮೊಣಕಾಲಿನವರೆಗೆ ಬರುವ ಹಾರ ಹಾಕಿದರು. ಒಬ್ಬರು, ಸಿರುಗುಪ್ಪದ ಅಳಿಯ ಜರ್ಮನಿಯವರಿಗೆ ನಮ್ಮ ಸೋನಾ ಅಕ್ಕಿಯ ರುಚಿ ತೋರಿಸಲಿದ್ದಾರೆ ಎಂದು ಭಾಷಣ ಮಾಡಿದರು. ನಾನು ಮೈಕಿನ ಮುಂದೆ ನಿಂತಾಗ ನಿಜವಾಗಿಯೂ ಹೇಳಿಬಿಡಬೇಕೆಂದೇ ನಿಂತಿದ್ದೆ. ಬಾಯಿ ತೆರೆದೆ. ಮುಂದಿನ ಸಾಲಿನಲ್ಲಿ ಮಾವನವರು ಕಣ್ತುಂಬ ನೀರು ತಂದುಕೊಂಡು ಕೂತಿದ್ದರು. "ಹೋಗಿ ಬರ್ತೀನಿ" ಅಂದೆ. ಚಪ್ಪಾಳೆ ಬಿತ್ತು. ಅಂದು ಸಂಜೆ ನಾನು ಶಾಲು, ಹಾರ, ಮತ್ತು ಹೆಲ್ಗಾಳಿಗೆ ಅಂತ ಕೊಟ್ಟ ಅರ್ಧ ಚೀಲ ಅಕ್ಕಿಯೊಂದಿಗೆ ಬಳ್ಳಾರಿಯ ಬಸ್ಸಿನಲ್ಲಿ ಕೂತಿದ್ದೆ. ನನ್ನ ಬಗ್ಗೆ ನನಗೇ ಅಸಹ್ಯವಾಗಿತ್ತು. ಮನೆಯ ಬಾಗಿಲಲ್ಲಿ ಗಿರಿಜಾ, "ಅಪ್ಪಾರಿಗೆ ಹೇಳಿದ್ರೇನ್ರಿ?" ಎಂದು ಕೇಳಿದವಳು ಹಾರ ನೋಡಿ ಅಕ್ಕಿಯ ಚೀಲ ಒಳಗೆಳೆದುಕೊಂಡಳು.

ಆಗಸ್ಟ್ ಮುಗಿಯಲು ಬಂದಿತ್ತು. ಒಂದು ದಿನ ಬೆಳಿಗ್ಗೆ ಗಿರಿಜಾ ನನ್ನ ಮುಂದೆ ಚಹಾ ಇಟ್ಟು, ಅದರ ಪಕ್ಕಕ್ಕೆ ತನ್ನ ನಾಲ್ಕು ಚಿನ್ನದ ಬಳೆಗಳನ್ನು ಇಟ್ಟಳು. ಕೈ ಬೋಳಾಗಿತ್ತು.

"ಏನಿದು?"

"ಇವು ಒಬ್ಬರ ಟಿಕೇಟಿಗಾದ್ರೂ ಆಗ್ತಾವ ನೋಡ್ರಿ. ನಾವು ಬ್ಯಾಡ. ನೀವೊಬ್ಬರ ಹೋಗಿ ಮುಖಾ ತೋರಿಸಿ ಬರ್ರಿ. ಆ ಮನಷ್ಯಾ ಅಲ್ಲಿ ಬಂದು ನಿಂತಿರ್ತಾನ್ರಿ."

ಇಷ್ಟು ದಿನ ಪೆನ್ಸಿಲು ಹಿಡಿದು ಲೆಕ್ಕ ಹಾಕುತ್ತಿದ್ದವಳಿಗೆ ವಿಮಾನ ಹತ್ತುವ ಆಸೆಯೆಂದು ನಾನು ತಿಳಿದಿದ್ದೆ, ಒಳಗೊಳಗೇ ನಕ್ಕೂ ಇದ್ದೆ. ಅವಳು ಯೋಚಿಸುತ್ತಿದ್ದದ್ದು ನಿಲ್ದಾಣದಲ್ಲಿ ಕಾಯುವ ಮನುಷ್ಯನನ್ನು. ಆ ಬಳೆ ಒಬ್ಬರ ಟಿಕೆಟ್ಟಿನ ಅರ್ಧಕ್ಕೂ ಆಗುವುದಿಲ್ಲ ಎಂದು ಅವಳಿಗೆ ಹೇಳಬೇಕಾಗಿತ್ತು. ಜೀವಮಾನದಲ್ಲಿ ಒಮ್ಮೆಯಾದರೂ ಇಲ್ಲ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದು ಬರಲಾರದು. ನಾನು ಬಳೆಗಳನ್ನು ಅವಳ ಕಡೆಗೆ ಸರಿಸಿ, "ನೋಡೋಣು" ಅಂದೆ.

ಒಳಗೆ ಹಿಟ್ಟು ಜರಡಿ ಹಿಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿ ಹೊರಗೆ ಬಂದಳು. "ನೋಡೋಣು ಅಂದ್ರ ಇಲ್ಲ ಅಂತ. ನನಗ ಗೊತ್ತೈತಿ, ಇಕಿಗೂ ಗೊತ್ತೈತಿ. ಆ ಡೀಟರಪ್ಪಗ ಗೊತ್ತಿಲ್ಲ. ಮೊದಲ ನಾನೂ ಹೋಗಬೇಕು ಅಂದೆ, ನಂದೂ ತಪ್ಪ. ಸೊಸಿ ಕೈ ಬೋಳ ಮಾಡಿಕೊಂಡು ಹೋಗು ಅಂತ ನಾ ಅಂದಿದ್ದಿಲ್ಲ. ಕಾಗದ ತಗೊ. ನಾ ಹೇಳ್ತೀನಿ, ಬರಿ." ಮಡಿಚಿಟ್ಟಿದ್ದ ನಾಲ್ಕು ಏರ್‌ಮೇಲ್ ಕಾಗದಗಳಲ್ಲಿ ಯಾವುದೂ ಕೆಲಸಕ್ಕೆ ಬರುವಂತಿರಲಿಲ್ಲ, ಐದನೆಯದನ್ನು ತಂದೆ. ಅವಳು ನಿಂತುಕೊಂಡೇ ಹೇಳಿದ್ದು ಇಷ್ಟು: "ಡೀಟರಪ್ಪಗ ಅವ್ವನ ಆಶೀರ್ವಾದ. ನಾವು ಬರಂಗಿಲ್ಲ. ಅಷ್ಟು ರೊಕ್ಕ ನಮ್ಮಂತ್ಯಾಕ ಇಲ್ಲ. ನನ್ನ ಮಗ ಬರ್ತೀವಿ ಅಂದದ್ದು ಮಾತಿಗೆ. ನಮ್ಮ ಕಡಿ ಹಂಗ ಮಾತಿಗೆ ಅಂತಾರ. ನೀನು ಗ್ವಾಡಿಗೆ ಬಣ್ಣ ಹಚ್ಚಿದಿ, ನಿನ್ನ ಹೇಣ್ತಿ ಪಾತ್ರಿ ತಂದಳು. ತಪ್ಪು ನಮ್ಮದು. ಮಂಚ ಅವರ ಮನಿಗೆ ಕೊಟ್ಟುಬಿಡು. ನನಗ ಸೈಕಲ್ ಬರಂಗಿಲ್ಲ."

ನಾನು ಗಾಬರಿಯಿಂದ, ಹೀಗೆ ನೆಟ್ಟಗೆ ಬರೆದರೆ ಅವನಿಗೆ ನೋವಾಗುತ್ತದೆ ಎಂದೆ. ಕಾರಣಾಂತರಗಳಿಂದ, ಪರಿಸ್ಥಿತಿ ಅನುಕೂಲವಾದಲ್ಲಿ, ಮುಂದಿನ ವರ್ಷ ಎಂದೆಲ್ಲ ಸೇರಿಸಿ ಇಂಗ್ಲಿಷಿಗೆ ತಿರುಗಿಸಿದೆ. ಅವ್ವ ಉಮಾಳನ್ನು ಕರೆದು, "ನಿಮ್ಮಪ್ಪ ಬರದದ್ದನ್ನ ನನಗ ಕನ್ನಡದಾಗ ಓದಿ ಹೇಳು" ಅಂದಳು. ಉಮಾ ಓದಿದಳು. ಮುಂದಿನ ವರ್ಷದ ಹತ್ತಿರ ಬಂದಾಗ ಅವ್ವ ಕಾಗದ ಕಸಿದುಕೊಂಡಳು. ಆರನೆಯ ಕಾಗದಕ್ಕೆ ನಾನೇ ಅಂಚೆ ಕಚೇರಿಗೆ ಹೋದೆ. ಅದರಲ್ಲಿ ಅವಳು ಹೇಳಿದ್ದು ಮಾತ್ರ ಇತ್ತು, ಕೆಳಗೆ ಕನ್ನಡದಲ್ಲಿ ಅವಳ ಸಹಿ ಇತ್ತು. ಡಬ್ಬಿಗೆ ಹಾಕಿದ ಮೇಲೆ ಮೂರು ವಾರ ನನಗೆ ಊಟ ಸೇರಲಿಲ್ಲ. ಆ ಮನುಷ್ಯ ಇನ್ನು ನಮ್ಮ ಹೆಸರೆತ್ತಲಾರ ಎಂದುಕೊಂಡೆ.

ಉತ್ತರ ಬಂತು. ಈ ಸಲ ನಂಬರುಗಳಿರಲಿಲ್ಲ, ಟೈಪೂ ಇರಲಿಲ್ಲ, ಕೈಬರಹವಿತ್ತು. ಮೇಲೆ ಹೆಸರಿದ್ದದ್ದು ಅವ್ವನದು. ನನ್ನ ಪಾಲಿಗೆ ಬಂದದ್ದು ಓದಿ ಹೇಳುವ ಕೆಲಸ ಮಾತ್ರ. ಎಲ್ಲರೂ ಪಡಸಾಲೆಯಲ್ಲಿ ಕೂತರು, ನಾನು ಓದಿದೆ. "ಅಮ್ಮ, ನಿಮ್ಮ ಕಾಗದಕ್ಕೆ ಧನ್ಯವಾದ. ಓದಿ ಮೊದಲು ನಂಬಲಾಗಲಿಲ್ಲ, ಹೆಲ್ಗಾ ಸ್ವಲ್ಪ ಅತ್ತಳು. ಮಂಚಗಳನ್ನು ಹಿಂದಕ್ಕೆ ಕೊಟ್ಟೆ. ಹೊಸ ಪಾತ್ರೆಯಲ್ಲಿ ಹಾಲು ಮಾತ್ರ ಕಾಯಿಸುತ್ತೇವೆ. ನೀವು ಬರೆಯದಿದ್ದರೆ ನಾನು ಒಂಬತ್ತನೆಯ ತಾರೀಖು ನಿಲ್ದಾಣದಲ್ಲಿ ಇರುತ್ತಿದ್ದೆ, ಆ ದಿನದ ಕೊನೆಯ ವಿಮಾನ ಇಳಿಯುವವರೆಗೂ. ನನಗೆ ಸಿಟ್ಟಿಲ್ಲ. ಆದರೆ ಒಂದು ಸಂಶಯ ಬಂದಿದೆ, ಅದನ್ನು ನಿಮ್ಮನ್ನೇ ಕೇಳಬೇಕು. ರೈಲು ಹೊರಟಾಗ ನಿಮ್ಮ ಮಗ ಕಂಬದ ಹಿಂದೆ ಹೋಗಿ ನಿಂತ. ಅವನು ಅಳುತ್ತಿದ್ದದ್ದನ್ನು ನಾನು ಬಾಗಿಲಿನಿಂದ ನೋಡಿದೆ. ನನಗಾಗಿ ಯಾರೂ ಹಾಗೆ ಅತ್ತದ್ದಿಲ್ಲ, ಆ ದಿನವೇ ನಾನು ಬಣ್ಣ ಹಚ್ಚಲು ನಿಶ್ಚಯಿಸಿದೆ. ನಿಮ್ಮ ಕಡೆ ಮಾತಿಗೆ ಹೇಳುತ್ತಾರೆ ಎಂದು ಬರೆದಿದ್ದೀರಿ. ಮಾತಿಗೆ ಅಳುತ್ತಾರೆಯೇ?"

ಈ ಅಳುವಿನ ಸಂಗತಿ ನಾನು ನಿಮಗೂ ಹೇಳಿರಲಿಲ್ಲ. ಗಂಡಸು, ಗಿರಣಿಯ ಗುಮಾಸ್ತ, ಮೂರು ವಾರದ ಪರಿಚಯದವನಿಗಾಗಿ ಸ್ಟೇಷನ್ನಿನ ಕಂಬದ ಹಿಂದೆ ನಿಂತು ಅತ್ತದ್ದನ್ನು ಯಾರು ಹೇಳಿಕೊಳ್ಳುತ್ತಾರೆ? ಯಾರೂ ನೋಡಿಲ್ಲವೆಂದು ತಿಳಿದಿದ್ದೆ. ಈಗ ಮಕ್ಕಳ ಮುಂದೆ ಅದನ್ನು ನಾನೇ ಗಟ್ಟಿಯಾಗಿ ಓದಿ ಅನುವಾದ ಮಾಡಿದ್ದೆ. ತಲೆಯೆತ್ತಲಾಗಲಿಲ್ಲ. ಆದರೆ ನಾಚಿಕೆಗಿಂತ ಜಾಸ್ತಿ ನನ್ನನ್ನು ಕೊರೆದದ್ದು ಆ ಪ್ರಶ್ನೆ. ಅದು ನಿಜವಾದ ಅಳು. ಅದನ್ನು ಅವನಿಗೆ ತಿಳಿಸಲೇಬೇಕಾಗಿತ್ತು. ಪೆನ್ನು ತೆಗೆದು ಕೂತೆ. ನಿಜ ಎಂದು ಬರೆದೆ, ಸಾಲದೆನಿಸಿತು. ಖಂಡಿತ ನಿಜ ಎಂದು ಬರೆದೆ. ಖಂಡಿತ ಎಂಬ ಮಾತಿಗೆ ಅವನ ಬಳಿ ಎಷ್ಟು ಬೆಲೆ ಉಳಿದಿದೆ ಎಂದು ಹೊಳೆದು ಹೊಡೆದುಹಾಕಿದೆ. ನನ್ನ ಹತ್ತಿರ ಇದ್ದ ಒಳ್ಳೆಯ ಮಾತುಗಳನ್ನೆಲ್ಲ ನಾನು ಆಗಲೇ ಬೇರೆ ಕಡೆ ಬಳಸಿಬಿಟ್ಟಿದ್ದೆ.

ಕಾಗದ ಎತ್ತಿಕೊಂಡು ಅಡುಗೆಮನೆಗೆ ಹೋದೆ. "ಅವ್ವ, ಇದನ್ನೊಂದು ನೀನ ಹೇಳು. ನಾ ಹೇಳಿದ್ರ ಅವ ನಂಬಂಗಿಲ್ಲ" ಅಂದೆ. ಅವಳು ರೊಟ್ಟಿ ತಟ್ಟುತ್ತಲೇ ಹೇಳಿದಳು: "ನನ್ನ ಮಗ ಅತ್ತದ್ದು ಖರೇ ಐತಿ. ನಾನೂ ನೋಡೀನಿ. ಮನಿಗೆ ಬಂದು ಮತ್ತ ಅತ್ತ. ಆವತ್ತು ಉಣಲಿಲ್ಲ."

ಕೊನೆಯ ಎರಡು ಮಾತು ಬೇಡ ಎಂದು ಬೇಡಿಕೊಂಡೆ. "ಬರಿ" ಅಂದಳು. ಬರೆದೆ. ಕೈ ತೊಳೆದುಕೊಂಡು ಬಂದು ಕೆಳಗೆ ಸಹಿ ಹಾಕಿದಳು. ಹೆಡ್ ಪೋಸ್ಟಾಫೀಸಿನ ಗುಮಾಸ್ತ ಕಾಗದ ತೂಗುತ್ತ, "ಏನ್ರಿ, ಜರ್ಮನಿಗೆ ಏನರ ಸರ್ಟಿಫಿಕೇಟ್ ಕಳಸಾಕ ಹತ್ತೀರೇನು?" ಎಂದು ಕೇಳಿದ. ನಲವತ್ತೆರಡು ವರ್ಷದ ನಾನು, ಹೌದು ಅಂದೆ.